ಡಿಗ್ರಿ ಮುಗಿಸೋದಾ, ಮೂರು ಬೂತ್ ನೋಡಿಕೊಳ್ಳೋದಾ?

ಅಡಿಕೆ_ಸಿಪ್ಪೆ:
ಪಕ್ಷದ ಹೆಸರು ಬರೆಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಬಲಪಂಥದ ಕಡೆ ಅಂತ ಇಟ್ಟುಕೊಳ್ಳಿ, ಸಾಕು. ನಾನು ಮಲೆನಾಡಿನ ಒಂದು ತಾಲೂಕಿನವನು. ಬಿಕಾಂ ಕೊನೆ ವರ್ಷ, ವಯಸ್ಸು 21. ಎರಡು ಸಬ್ಜೆಕ್ಟ್ ಬಾಕಿ ಇದೆ. (ಕಾಸ್ಟ್ ಅಕೌಂಟಿಂಗ್ ಒಂದು. ಇನ್ನೊಂದನ್ನು ಹೇಳಲು ನಾಚಿಕೆ.)

ಸಿದ್ಧಾಂತ ಓದಿಕೊಂಡು ಬಂದವನಲ್ಲ ನಾನು. ಊರಿನಲ್ಲಿ ಗಣಪತಿ ಕೂರಿಸುವ ಹುಡುಗರ ಗುಂಪಿತ್ತು. ಅದೇ ಗುಂಪು ಚುನಾವಣೆ ಬಂದಾಗ ಪ್ರಚಾರದ ಗುಂಪಾಯಿತು. 2024ರ ಲೋಕಸಭೆ ಚುನಾವಣೆಗೆ ನನ್ನನ್ನು ಪೇಜ್ ಪ್ರಮುಖ ಮಾಡಿದರು. ಮತದಾರರ ಪಟ್ಟಿಯ ಒಂದು ಪುಟ, ಅದರಲ್ಲಿ ಸುಮಾರು 30 ಹೆಸರು, ಆ ಮನೆಗಳು ನನ್ನ ಜವಾಬ್ದಾರಿ. ಹೆಸರಿನ ಮುಂದೆ ಗುರುತು ಹಾಕಬೇಕು. ನಮ್ಮವರಿಗೆ ರೈಟ್, ಅವರಿಗೆ ಇಂಟು, ಗೊತ್ತಾಗದವರಿಗೆ ಸೊನ್ನೆ. ಆಮೇಲೆ ಬೂತ್ ನೋಡಿಕೊಳ್ಳುತ್ತಿದ್ದವರಿಗೆ ಹುಷಾರು ತಪ್ಪಿ ಇಡೀ ಬೂತಿನ ಲೆಕ್ಕ ನನ್ನ ಕೈಗೆ ಬಂತು.

ನಾನು ಇದ್ದದ್ದನ್ನು ಇದ್ದ ಹಾಗೆ ಗುರುತು ಹಾಕಿದೆ. ಲೀಡರ್ ಒಬ್ಬರು ನೋಡಿ ರೇಗಿದರು. "ಇಷ್ಟೊಂದು ಇಂಟು ಹಾಕಿದ್ರೆ ಮೇಲಿನವರಿಗೆ ಏನು ತೋರಿಸ್ಲಿ?" ಅಂದರು. ನಾನು ತಿದ್ದಲಿಲ್ಲ. ನನ್ನ ಲೆಕ್ಕ 412 ಇತ್ತು, ಎಣಿಕೆಯಲ್ಲಿ ಬಂದದ್ದು 398. ಪಕ್ಕದ ಬೂತಿನವನು 600 ಅಂತ ಬರೆದಿದ್ದ, ಬಂದದ್ದು 380. ಈಗ ಅದೇ ಲೀಡರ್ ಗ್ರಾಮ ಪಂಚಾಯಿತಿ ಚುನಾವಣೆಗೆ ಮೂರು ಬೂತ್ ನೋಡಿಕೋ ಅನ್ನುತ್ತಿದ್ದಾರೆ. ನನಗೆ ಆಸೆ ಇದೆ, ಸುಳ್ಳು ಯಾಕೆ ಹೇಳಲಿ. ಅಪ್ಪ ಏನೂ ಹೇಳುವುದಿಲ್ಲ. ಅಮ್ಮ ಮಾತ್ರ "ರಾಜಕೀಯ ನಮ್ಮಂಥವರಿಗಲ್ಲ" ಅಂತ ದಿನಾ ಹೇಳುತ್ತಾಳೆ.

ಬಿಡಲಾ, ಮುಂದುವರಿಯಲಾ? ಉಪದೇಶ ಬೇಡ, ಅನುಭವ ಹೇಳಿ.

ಕಾಫಿಪುಡಿ:
ಬಿಡು ತಮ್ಮಾ. ಕಾಸ್ಟ್ ಅಕೌಂಟಿಂಗ್ ಪಾಸ್ ಮಾಡು.

ಬೆಣ್ಣೆದೋಸೆ_ದಾವಣಗೆರೆ:
ಉಪದೇಶ ಬೇಡ ಅಂದಮೇಲೂ ಮೊದಲನೇ ಉತ್ತರವೇ ಉಪದೇಶ 😄

ಎರಡನೇ_ಶಿಫ್ಟ್:
ಅನುಭವ ಕೇಳಿದೆಯಲ್ಲ, ತಗೋ. ನಾನು ಇಂಜಿನಿಯರಿಂಗ್ ಓದುವಾಗ ಇದನ್ನೇ ಮಾಡಿದೆ. ಬೈಕ್ ರ‍್ಯಾಲಿ, ಫ್ಲೆಕ್ಸ್ ಕಟ್ಟುವುದು, ರಾತ್ರಿ ಎರಡು ಗಂಟೆಗೆ ಕಂಬ ಹತ್ತಿ ಬಾವುಟ. ಪೆಟ್ರೋಲ್ ಚೀಟಿ ಕೊಡುತ್ತಿದ್ದರು, ನೂರು ರೂಪಾಯಿದು. ಊಟಕ್ಕೆ ಚಿತ್ರಾನ್ನ. ನಾಯಕರು ಹೆಗಲ ಮೇಲೆ ಕೈ ಹಾಕಿ "ನಮ್ಮ ಹುಡುಗ" ಅಂದರೆ ವಾರಪೂರ್ತಿ ನೆಲದ ಮೇಲೆ ಕಾಲಿರುತ್ತಿರಲಿಲ್ಲ. ಒಂದು ವರ್ಷ ಹೋಯಿತು. ಆಮೇಲೆ ತಾಲೂಕಿನ ಯುವ ಘಟಕಕ್ಕೆ ಅಧ್ಯಕ್ಷರನ್ನು ಆರಿಸುವ ಹೊತ್ತು ಬಂತು. ಯಾರಾದರು ಗೊತ್ತಾ? ಒಂದು ದಿನವೂ ಕಂಬ ಹತ್ತದ, ಆ ನಾಯಕರದೇ ಅಣ್ಣನ ಮಗ.

ನನಗೆ ಯಾರ ಮೇಲೂ ಸಿಟ್ಟಿಲ್ಲ. ಅವರು ನನಗೆ ಏನೂ ಕೊಡುತ್ತೇನೆ ಅಂದಿರಲಿಲ್ಲ. ನಾನೇ ಅಂದುಕೊಂಡಿದ್ದೆ.

ತುಂಗೆ_ತೀರ:
ಎಲ್ಲರೂ ಹೀಗೇ ಹೇಳಿ ಹೆದರಿಸಿದರೆ ರಾಜಕೀಯಕ್ಕೆ ಬರುವವರು ಯಾರು? ಅನಂತಕುಮಾರ್ ಎಬಿವಿಪಿ ಅನ್ನುವ ವಿದ್ಯಾರ್ಥಿ ಸಂಘಟನೆಯಿಂದಲೇ ಬಂದವರು. ತುರ್ತು ಪರಿಸ್ಥಿತಿಯಲ್ಲಿ ವಿದ್ಯಾರ್ಥಿಯಾಗಿಯೇ ಜೈಲಿಗೆ ಹೋದರು. 1996ರಿಂದ ಬೆಂಗಳೂರು ದಕ್ಷಿಣದಲ್ಲಿ ಸತತ ಆರು ಸಲ ಗೆದ್ದರು. ಅರುಣ್ ಜೇಟ್ಲಿ 1974ರಲ್ಲಿ ದೆಹಲಿ ವಿವಿ ವಿದ್ಯಾರ್ಥಿ ಸಂಘದ ಅಧ್ಯಕ್ಷ. ತೇಜಸ್ವಿ ಸೂರ್ಯ 2019ರಲ್ಲಿ ಸಂಸದರಾದಾಗ ವಯಸ್ಸು 28. ಇವರೆಲ್ಲ ಬ್ಯಾಕ್‌ಲಾಗ್ ನೋಡಿಕೊಂಡು ಮನೆಯಲ್ಲಿ ಕೂತಿದ್ದರೆ?

ಎರಡನೇ_ಶಿಫ್ಟ್:
@ತುಂಗೆ_ತೀರ ಗೆದ್ದವರ ಹೆಸರು ಮೂರು ಹೇಳಿದಿರಿ. ಅವರ ಜೊತೆ ಅದೇ ವರ್ಷ ಪೋಸ್ಟರ್ ಅಂಟಿಸಿದವರ ಹೆಸರು ಒಂದು ಹೇಳಿ ನೋಡೋಣ. ಮತ್ತೆ ತೇಜಸ್ವಿ ಸೂರ್ಯ ಅವರ ಚಿಕ್ಕಪ್ಪ ಬಸವನಗುಡಿ ಶಾಸಕರು ಅನ್ನುವುದನ್ನು ಬಿಟ್ಟಿರಿ.

ತುಂಗೆ_ತೀರ:
ಚಿಕ್ಕಪ್ಪ ಇದ್ದರೆ ಭಾಷಣ ಬರುತ್ತದಾ? ಎಷ್ಟೋ ಶಾಸಕರ ಮಕ್ಕಳು ಮೈಕ್ ಮುಂದೆ ಬೆವರುವುದನ್ನು ನೋಡಿದ್ದೇನೆ.

ಕಾಫಿಪುಡಿ:
ಚಿಕ್ಕಪ್ಪ ಇದ್ದರೆ ಮೈಕ್ ಬರುತ್ತದೆ. ಭಾಷಣ ಆಮೇಲೆ ಕಲಿಯಬಹುದು.

ಕೊಪ್ಪದ_ಹಳಬ:
ನಾನು ಹಳೆಯ ಕಥೆ ಹೇಳುತ್ತೇನೆ, ಬೇಸರವಾದರೆ ಮುಂದೆ ಹೋಗಿ. 1978, ಚಿಕ್ಕಮಗಳೂರು ಉಪಚುನಾವಣೆ. ಇಂದಿರಾ ಗಾಂಧಿ ನಿಂತಿದ್ದರು. ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು. ಜನಸಂಘ ಆಗ ಜನತಾದಲ್ಲಿ ಸೇರಿಹೋಗಿತ್ತು. ನನಗೆ 19, ಕಾಲೇಜಿಗೆ ಚಕ್ಕರ್ ಹೊಡೆದು ಜೀಪ್ ಹತ್ತಿದೆ. ತೋಟದ ಲೈನ್ ಮನೆಗಳಿಗೆ ಹೋಗಿ ತುರ್ತು ಪರಿಸ್ಥಿತಿಯ ಬಗ್ಗೆ ಭಾಷಣ. ಹೆಂಗಸರು ಕೇಳಿಸಿಕೊಂಡು, ಕಾಫಿ ಕೊಟ್ಟು, "ಆಯ್ತು ಮಗಾ, ಆದ್ರೆ ಅಮ್ಮ ನಮ್ಮೂರಿಗೆ ಬಂದವ್ರೆ" ಅನ್ನುತ್ತಿದ್ದರು. ಆ ಕಡೆಯವರ ಘೋಷಣೆ "ಏಕ್ ಶೇರ್ನಿ ಸೌ ಲಂಗೂರ್, ಚಿಕ್ಕಮಗಳೂರು ಚಿಕ್ಕಮಗಳೂರು" ಅಂತ. ಅಂದರೆ ಒಂದು ಹೆಣ್ಣು ಸಿಂಹ, ನೂರು ಕೋತಿ. ನೂರು ಲಂಗೂರಗಳಲ್ಲಿ ನಾನೂ ಒಂದು. ಎಪ್ಪತ್ತು ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಸೋತೆವು.

ಇದರಲ್ಲಿ ತಮಾಷೆ ಎರಡು. ಒಂದು, ಅಷ್ಟೆಲ್ಲ ಓಡಾಡಿದ ನನಗೆ ಓಟೇ ಇರಲಿಲ್ಲ. ಆಗ ಮತದಾನಕ್ಕೆ 21 ಆಗಬೇಕಿತ್ತು. 18ಕ್ಕೆ ಇಳಿಸಿದ್ದು 1989ರಲ್ಲಿ. ಎರಡು, ನಾನು ಗಂಟಲು ಹರಿದುಕೊಂಡು ಗೆಲ್ಲಿಸಲು ಹೊರಟ ಅದೇ ವೀರೇಂದ್ರ ಪಾಟೀಲರು ಅದೇ 1989ರಲ್ಲಿ ಕಾಂಗ್ರೆಸ್ಸಿನ ಮುಖ್ಯಮಂತ್ರಿ ಆದರು! ನಾನು ಆ ಹೊತ್ತಿಗೆ ಅವರ ಪರವಾಗಿ ಜಗಳ ಮಾಡಿ ಮಾತು ಬಿಟ್ಟಿದ್ದ ದೊಡ್ಡಪ್ಪನ ಮಗನ ಜೊತೆ ಹನ್ನೊಂದು ವರ್ಷ ಮಾತಾಡಿರಲಿಲ್ಲ.

ಬೆಣ್ಣೆದೋಸೆ_ದಾವಣಗೆರೆ:
ಹಳಬರೇ, ಆಮೇಲೆ ಮಾತಾಡಿದಿರಾ?

ಕೊಪ್ಪದ_ಹಳಬ:
ಅವನ ಮಗಳ ಮದುವೆಯಲ್ಲಿ ಬಡಿಸಲು ನಿಂತೆ. ಅಷ್ಟೇ.

ಆನ್_ಆರ್ಬರ್_ಕನ್ನಡಿಗ:
ನಾನು ಮಿಶಿಗನ್‌ನಲ್ಲಿದ್ದೇನೆ. ಇಲ್ಲಿನ ವಿವಿಯಲ್ಲೇ 1892ರಲ್ಲಿ ಕಾಲೇಜ್ ರಿಪಬ್ಲಿಕನ್ಸ್ (ರಿಪಬ್ಲಿಕನ್ ಪಕ್ಷದ ಕಡೆಯ ವಿದ್ಯಾರ್ಥಿಗಳ ಸಂಘ) ಶುರುವಾದದ್ದು. ಕ್ಯಾಂಪಸ್‌ನಲ್ಲಿ ಮೇಜು ಹಾಕಿಕೊಂಡು ಕೂತಿರುತ್ತಾರೆ, ಫೋನ್ ಮಾಡುತ್ತಾರೆ, ಮನೆ ಬಾಗಿಲು ತಟ್ಟುತ್ತಾರೆ. ಇಲ್ಲಿ ಕನ್ಸರ್ವೇಟಿವ್ ಅಂದರೆ ತೆರಿಗೆ ಕಡಿಮೆ ಇರಲಿ, ಸರ್ಕಾರ ಚಿಕ್ಕದಿರಲಿ, ಬಂದೂಕು ನನ್ನ ಹಕ್ಕು, ಗರ್ಭಪಾತ ಬೇಡ, ಹೀಗೆ. ನಮ್ಮಲ್ಲಿ ಆ ಪದ ಹಾಗೇ ಕೂರುತ್ತದಾ? 2023ರಲ್ಲಿ ಕಾಂಗ್ರೆಸ್ ಐದು ಗ್ಯಾರಂಟಿ ಅಂದಿತು. ಬಿಜೆಪಿ ವರ್ಷಕ್ಕೆ ಮೂರು ಸಿಲಿಂಡರ್, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು ಅಂದಿತು. ಇಲ್ಲಿನ ಅಳತೆಗೋಲು ಹಿಡಿದರೆ ಇಬ್ಬರೂ ಬಲಪಂಥದವರಲ್ಲ. ತಮ್ಮಾ, ನಿನ್ನನ್ನು ಬಲಪಂಥೀಯ ಅಂತ ನೀನೇ ಯಾಕೆ ಕರೆದುಕೊಂಡೆ?

ಅಡಿಕೆ_ಸಿಪ್ಪೆ:
ಒಳ್ಳೆ ಪ್ರಶ್ನೆ ಅಣ್ಣಾ. ಯೋಚನೆ ಮಾಡಿದೆ. ತೆರಿಗೆ ಗಿರಿಗೆ ನನಗೆ ಗೊತ್ತಿಲ್ಲ, ನಾನು ಕಟ್ಟುವುದೂ ಇಲ್ಲ. ದೇವಸ್ಥಾನ, ಜಾತ್ರೆ, ಮನೆತನ, ದೇಶ, ಇವನ್ನು ಯಾರಾದರೂ ಹಾಸ್ಯ ಮಾಡಿದರೆ ನನಗೆ ಉರಿಯುತ್ತದೆ. ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಚೆನ್ನಾಗಿ ಬರುವ ಕೆಲವರು ಹಾಸ್ಯ ಮಾಡುತ್ತಿದ್ದರು. ಈ ಗುಂಪಿನಲ್ಲಿ ಯಾರೂ ಮಾಡಲಿಲ್ಲ. ಶುರುವಾದದ್ದು ಅಷ್ಟರಿಂದ.

ಮಾತಿನ_ಮಲ್ಲಿ:
ಇದು ನಿಜವಾದ ಉತ್ತರ. ಆದರೆ ಅದೇ ಗುಂಪು ನಾಳೆ ಬಸ್ ಸ್ಟ್ಯಾಂಡಿನಲ್ಲಿ ಹುಡುಗ ಹುಡುಗಿ ಮಾತಾಡುತ್ತಿದ್ದರೆ "ಬಾ, ಹೋಗಿ ವಿಚಾರಿಸೋಣ" ಅನ್ನುತ್ತದೆ. ಆಗ ನೀನು ಹೋಗ್ತೀಯಾ? ನಾನು ಕರಾವಳಿಯವಳು. ಹೀಗೆ "ಸುಮ್ನೆ ಜೊತೆಗೆ ಹೋದ" ಹುಡುಗರ ಮೇಲೆ ಕೇಸ್ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಳಿಸಿದವರ ಹೆಸರು ಎಫ್‌ಐಆರ್‌ನಲ್ಲಿ ಇರುವುದಿಲ್ಲ. ಪಾಸ್‌ಪೋರ್ಟ್‌ಗೆ ಪೊಲೀಸ್ ವೆರಿಫಿಕೇಶನ್ ಬಂದಾಗ ಗೊತ್ತಾಗುತ್ತದೆ ಬೆಲೆ.

ತುಂಗೆ_ತೀರ:
ಶುರುವಾಯಿತು. ಬೂತ್ ಕೆಲಸದ ಬಗ್ಗೆ ಕೇಳಿದರೆ ನೈತಿಕ ಪೊಲೀಸ್‌ಗಿರಿಗೆ ಹೋದಿರಿ. ಎಡದ ಸಂಘಟನೆಯವರ ಮೇಲೆ ಕೇಸ್ ಇಲ್ಲವಾ?

ಮಾತಿನ_ಮಲ್ಲಿ:
ಇದೆ. ರಸ್ತೆ ತಡೆದದ್ದಕ್ಕೆ ಬಿದ್ದ ಕೇಸೂ, ಇನ್ನೊಬ್ಬರ ಮಗಳ ಕೈ ಹಿಡಿದು ಎಳೆದದ್ದಕ್ಕೆ ಬಿದ್ದ ಕೇಸೂ ಒಂದೇನಾ? ನಾನು ಅವನನ್ನು ಕೇಳಿದೆ, ನಿಮ್ಮನ್ನಲ್ಲ.

ಅಡಿಕೆ_ಸಿಪ್ಪೆ:
ಅಕ್ಕಾ, ಒಂದು ಸಲ ಕರೆದಿದ್ದರು. ಹೋಗಲಿಲ್ಲ. ಧೈರ್ಯ ತೋರಿಸಿ ಹೋಗಲಿಲ್ಲ ಅಂತಲ್ಲ, ದನ ಕರು ಹಾಕುತ್ತಿತ್ತು ಅಂತ ನೆಪ ಹೇಳಿದೆ. ಮತ್ತೆ ಕರೆದಿಲ್ಲ.

ಕಾಫಿಪುಡಿ:
ದನ ನಿಜವಾಗಲೂ ಕರು ಹಾಕಿತ್ತಾ?

ಅಡಿಕೆ_ಸಿಪ್ಪೆ:
ನಮ್ಮ ಮನೆಯಲ್ಲಿ ದನ ಇಲ್ಲ.

ನಿರ್ವಾಹಕ:
ವಿಷಯಕ್ಕೆ ಬನ್ನಿ. ಇಲ್ಲದ ದನದ ಬಗ್ಗೆ ಬೇರೆ ಚರ್ಚೆ ಶುರು ಮಾಡಿ. ಯಾವ ಲೀಡರ್, ಯಾವ ಊರು ಅಂತ ಊಹಿಸಿ ಬರೆಯುವವರ ಉತ್ತರ ತೆಗೆಯುತ್ತೇನೆ.

ಅಂತಿಮ_ವರ್ಷದ_ಹುಡುಗಿ:
ನಾನೂ ಅದೇ ಕಡೆಯವಳು, ಎಂಎ ಓದುತ್ತಿದ್ದೇನೆ. ಹುಡುಗರಿಗೆ ಗೊತ್ತಿಲ್ಲದ ಒಂದು ಮಾತು ಹೇಳುತ್ತೇನೆ. ಹುಡುಗರು ಪ್ರಚಾರಕ್ಕೆ ಹೋದರೆ ಜಗಲಿಯಲ್ಲೇ ನಿಲ್ಲುತ್ತಾರೆ. ಯಜಮಾನರ ಜೊತೆ ಮಾತಾಡಿ, ಕರಪತ್ರ ಕೊಟ್ಟು, ರೈಟ್ ಹಾಕಿಕೊಂಡು ಬರುತ್ತಾರೆ. ನಾವು ಅಡುಗೆಮನೆ ತನಕ ಹೋಗುತ್ತೇವೆ. ಯಜಮಾನರು ರೈಟ್, ಅತ್ತೆ ಇಂಟು, ಸೊಸೆ ಸೊನ್ನೆ, ಇದು ಒಳಗೆ ಹೋದರೇನೇ ಗೊತ್ತಾಗುವುದು. 2023ರ ಮೇನಲ್ಲಿ ಜಗಲಿಯ ಲೆಕ್ಕ ನೋಡಿ ಗೆದ್ದೆವು ಅಂತ ಕೂತಿದ್ದರು. ನಾನು "ಒಳಗಿನವರೆಲ್ಲ ಗ್ಯಾರಂಟಿ ಕಾರ್ಡು ಡಬ್ಬಿಯಲ್ಲಿ ಜೋಪಾನ ಮಾಡಿಟ್ಟಿದ್ದಾರೆ" ಅಂತ ಹೇಳಿದೆ. ಯಾರೂ ಕೇಳಲಿಲ್ಲ. ಆಮೇಲೆ ಕಾಂಗ್ರೆಸ್ಸಿಗೆ 135, ಬಿಜೆಪಿಗೆ 66 ಸೀಟು ಬಂತಲ್ಲ.

ಅದಕ್ಕೇ ಅಡಿಕೆ ಸಿಪ್ಪೆಯ 412 ಕೇಳಿ ನನಗೆ ಖುಷಿಯಾಯಿತು. ಸರಿಯಾಗಿ ಇಂಟು ಹಾಕುವವರು ತುಂಬ ಕಡಿಮೆ. ಮನೆಯಲ್ಲಿ ನನಗೆ ಹಾಕಿದ ಷರತ್ತು ಕತ್ತಲಾಗುವ ಮುಂಚೆ ವಾಪಸ್ ಬರಬೇಕು ಅಂತ. ಸಭೆಗಳೆಲ್ಲ ರಾತ್ರಿ ಎಂಟರ ಮೇಲೆ ಇಡುತ್ತಾರೆ. ಹಾಗಾಗಿ ನಿರ್ಧಾರ ಮಾಡುವಾಗ ನಾವು ಯಾವತ್ತೂ ಇರುವುದಿಲ್ಲ.

ಮಾತಿನ_ಮಲ್ಲಿ:
ಈ ಕೊನೆ ಸಾಲಿಗೆ ಎಡಬಲ ಇಲ್ಲ. ನಮ್ಮ ಕಡೆಯೂ ಸಭೆ ಎಂಟರ ಮೇಲೆಯೇ.

ಎರಡನೇ_ಶಿಫ್ಟ್:
ಇಬ್ಬರೂ ಒಂದೇ ಮಾತು ಹೇಳಿದ್ದು ಇವತ್ತಿನ ಸುದ್ದಿ.

ಸಾಲುಮರ:
ನನಗೆ ಆ ರೈಟ್ ಇಂಟುವೇ ಸರಿ ಕಾಣಲಿಲ್ಲ. ಮತದಾನ ಗುಟ್ಟಾಗಿರಬೇಕು ತಾನೆ? ಹೆಸರಿನ ಮುಂದೆ ಗುರುತು, ಮೊಬೈಲ್ ನಂಬರ್, ಜಾತಿ ಎಲ್ಲ ಬರೆದುಕೊಂಡು ಹೋಗುತ್ತಾರೆ. ಮಾರನೇ ದಿನ ಕೇಳದೇ ವಾಟ್ಸಾಪ್ ಗ್ರೂಪಿಗೆ ಸೇರಿಸುತ್ತಾರೆ. ನಾನು ಮೂರು ಪಕ್ಷಗಳ ಗ್ರೂಪಿನಿಂದ ಹೊರಗೆ ಬಂದಿದ್ದೇನೆ. ಮೂರರಲ್ಲೂ ಬೆಳಿಗ್ಗೆ ಅದೇ ಶುಭೋದಯ, ಅದೇ ಗುಲಾಬಿ ಹೂ.

ಅಡಿಕೆ_ಸಿಪ್ಪೆ:
ಗುರುತು ಬರೀ ನಮ್ಮ ಅಂದಾಜು. ಯಾರು ಯಾರಿಗೆ ಹಾಕಿದರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಂಬರ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ನಾನೂ ಕೇಳದೇ ಸೇರಿಸಿದ್ದೇನೆ. ತಪ್ಪಾಯಿತು.

ಕಪ್ಪುಹಲಗೆ:
ನಾನು ಸರ್ಕಾರಿ ಕಾಲೇಜಿನ ಮೇಷ್ಟ್ರು. ನಮ್ಮ ರಾಜ್ಯದಲ್ಲಿ ಕಾಲೇಜು ವಿದ್ಯಾರ್ಥಿ ಸಂಘಗಳ ಚುನಾವಣೆ ನಿಂತು ದಶಕಗಳಾದವು. ಎಂಬತ್ತರ ದಶಕದ ಕೊನೆಯಲ್ಲಿ ಗಲಾಟೆ ಅಂತ ನಿಲ್ಲಿಸಿದರು. 2006ರಲ್ಲಿ ಲಿಂಗ್ಡೋ ಸಮಿತಿ ನಿಯಮ ಮಾಡಿಕೊಟ್ಟಿತು. ಖರ್ಚು 5000 ರೂಪಾಯಿ ಮೀರಬಾರದು, ಹಾಜರಾತಿ ಇರಬೇಕು, ಸ್ಪರ್ಧಿಸುವ ವರ್ಷ ಬ್ಯಾಕ್‌ಲಾಗ್ ಇರಬಾರದು. (ಅಡಿಕೆ ಸಿಪ್ಪೆ ಅಲ್ಲೇ ಔಟ್.) ದೆಹಲಿ, ಕೇರಳದಲ್ಲಿ ಮಕ್ಕಳು ಕಾಲೇಜಿನಲ್ಲೇ ಸೋತು ಗೆದ್ದು ಕಲಿಯುತ್ತಾರೆ. ನಮ್ಮ ಮಕ್ಕಳು ನೇರವಾಗಿ ದೊಡ್ಡವರ ಜೀಪು ಹತ್ತುತ್ತಾರೆ. ಅಲ್ಲಿ ಅವರು ಅಭ್ಯರ್ಥಿಯಲ್ಲ, ಬರೀ ಕೈಕಾಲು.

ಆದರೂ ಒಂದು ಕಂಡದ್ದು ಹೇಳಬೇಕು. ಕಳೆದ ಸಲ ನಾನು ಒಂದು ಬೂತಿಗೆ ಪ್ರಿಸೈಡಿಂಗ್ ಆಫೀಸರ್. ಏಳು ಗಂಟೆಗೆ ಮತದಾನ, ಐದೂವರೆಗೆ ಅಣಕು ಮತದಾನ. ಕನಿಷ್ಠ 50 ಓಟು ಒತ್ತಿ, ಎಣಿಸಿ ತೋರಿಸಿ, ಆಮೇಲೆ ಯಂತ್ರವನ್ನು ಅಳಿಸಬೇಕು. ರಾತ್ರಿ ಶಾಲೆಯ ಬೆಂಚಿನ ಮೇಲೆ ಮಲಗಿ ನನಗೆ ನಿದ್ದೆ ಇರಲಿಲ್ಲ. ಫಲಿತಾಂಶ ತೋರಿಸಿದೆ, ಕ್ಲಿಯರ್ ಬಟನ್ ಒತ್ತುವುದನ್ನು ಮರೆತು ಸೀಲ್‌ಗೆ ಕೈ ಹಾಕಿದೆ. ಒಬ್ಬ ಹುಡುಗ ಏಜೆಂಟ್, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, "ಸಾರ್, ಕ್ಲಿಯರ್ ಮಾಡಿಲ್ಲ" ಅಂದ. ಉಳಿದ ಏಜೆಂಟರು ತಿಂಡಿಗೆ ಏನು ಅಂತ ಮಾತಾಡುತ್ತಿದ್ದರು. ಸಂಜೆ ಬಿದ್ದ ಓಟಿನ ಲೆಕ್ಕ ಇರುವ 17ಸಿ ಫಾರಂ ಪ್ರತಿ ಕೊಟ್ಟಾಗಲೂ ಅವನೊಬ್ಬನೇ ತನ್ನ ಗೀಟಿನ ಲೆಕ್ಕದ ಜೊತೆ ತಾಳೆ ನೋಡಿ ಸಹಿ ಹಾಕಿದ. ಅವನು ಯಾವ ಪಕ್ಷದವನು ಅಂತ ಗೊತ್ತು, ಹೇಳುವುದಿಲ್ಲ. ಅವನಿಲ್ಲದಿದ್ದರೆ ನನ್ನ ನೌಕರಿ ಏನಾಗುತ್ತಿತ್ತೋ.

ಬೆಣ್ಣೆದೋಸೆ_ದಾವಣಗೆರೆ:
ಅಡಿಕೆ ಸಿಪ್ಪೆ, ಅದು ನೀನೇನಾ?

ಅಡಿಕೆ_ಸಿಪ್ಪೆ:
ನಾನಲ್ಲ. ನನಗೆ ಮೀಸೆ ಬಂದಿದೆ.

ಗೀಟು_ಹಾಕುವವ:
ಒಂದು ತಿದ್ದುಪಡಿ. ಪ್ರಶ್ನೆಯಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಅಂತ ಇದೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯೇ ಇಲ್ಲ. ಹೊಲಿಗೆ ಯಂತ್ರ, ಆಟೋ, ಇಂಥವು ಇರುತ್ತವೆ. ಹಾಗಿದ್ದರೆ ಇವನು ಯಾವ ಪಕ್ಷಕ್ಕೆ ಬೂತ್ ನೋಡುವುದು?

ತುಂಗೆ_ತೀರ:
ಹೊಲಿಗೆ ಯಂತ್ರ ಯಾರದು, ಆಟೋ ಯಾರದು ಅಂತ ಊರಿನ ನಾಯಿಗೂ ಗೊತ್ತಿರುತ್ತದೆ ಸ್ವಾಮಿ.

ಗೀಟು_ಹಾಕುವವ:
ಗೊತ್ತಿರಲಿ. ನಾನು ಹೇಳಲು ಹೊರಟದ್ದು ಬೇರೆ. ಶಾಸಕ, ಸಂಸದ ಆಗಲು 25 ಆಗಬೇಕು. ಪಂಚಾಯಿತಿಗೆ 21 ಸಾಕು. ಚಿಹ್ನೆ ಇಲ್ಲ ಅಂದಮೇಲೆ ಯಾರ ಬಿ ಫಾರಂ (ಪಕ್ಷದ ಟಿಕೆಟ್ ಪತ್ರ) ಕೂಡ ಬೇಡ. ಬೂತಿನ ಲೆಕ್ಕ ಇವನ ಬೆರಳ ತುದಿಯಲ್ಲಿದೆ. ಇನ್ನೊಬ್ಬರಿಗೆ ಮೂರು ಬೂತ್ ಹೊರುವ ಬದಲು ತನ್ನ ವಾರ್ಡಿನಲ್ಲಿ ತಾನೇ ಯಾಕೆ ನಿಲ್ಲಬಾರದು?

ಎರಡನೇ_ಶಿಫ್ಟ್:
ಅಯ್ಯೋ, ನನಗೆ ಇದು ಹೊಳೆಯಲೇ ಇಲ್ಲ ಆಗ.

ಅಂತಿಮ_ವರ್ಷದ_ಹುಡುಗಿ:
ನಿಲ್ಲು ಮಾರಾಯ! ಕರಪತ್ರ ನಾನು ಬರೆದುಕೊಡುತ್ತೇನೆ.

ಮಾತಿನ_ಮಲ್ಲಿ:
ಪಕ್ಷದ ಲೀಡರ್ ಬಿಡಬೇಕಲ್ಲ. ನಿಂತರೆ ಬಂಡಾಯ ಅನ್ನುತ್ತಾರೆ. 2024ರಲ್ಲಿ ಶಿವಮೊಗ್ಗದಲ್ಲಿ ಈಶ್ವರಪ್ಪನವರು ಪಕ್ಷೇತರರಾಗಿ ನಿಂತಾಗ ಆರು ವರ್ಷ ಉಚ್ಚಾಟನೆ ಮಾಡಲಿಲ್ಲವಾ? ಅಷ್ಟು ಹಿರಿಯರಿಗೇ ಹಾಗೆ.

ತುಂಗೆ_ತೀರ:
ಅದು ಲೋಕಸಭೆ. ಪಂಚಾಯಿತಿಯಲ್ಲಿ ಒಂದೇ ಕಡೆಯವರು ನಾಲ್ಕು ಜನ ನಿಲ್ಲುತ್ತಾರೆ. ಗೆದ್ದವನಿಗೆ ಹಾರ, ಸೋತವರಿಗೆ ಸಮಾಧಾನ. ನಾನೂ ಹೇಳುತ್ತೇನೆ, ನಿಲ್ಲು.

ಕಪ್ಪುಹಲಗೆ:
ಪರೀಕ್ಷೆ ಯಾವಾಗ ಅಂತ ಮೊದಲು ನೋಡಿಕೋ. ಕಾಸ್ಟ್ ಅಕೌಂಟಿಂಗ್‌ಗೆ ಮೀಸಲಾತಿಯೂ ಇಲ್ಲ, ಪ್ರಚಾರವೂ ಇಲ್ಲ.

ಅಡಿಕೆ_ಸಿಪ್ಪೆ:
ಎರಡು ದಿನ ಉತ್ತರ ಬರೆಯಲು ಆಗಲಿಲ್ಲ, ಕ್ಷಮಿಸಿ.

ಲೀಡರ್ ಹತ್ತಿರ ಹೋಗಿದ್ದೆ. ಮೂರು ಬೂತ್ ಆಗುವುದಿಲ್ಲ, ನನ್ನ ಬೂತ್ ಒಂದು ನೋಡುತ್ತೇನೆ, ಪರೀಕ್ಷೆ ಇರುವ ವಾರ ಫೋನ್ ತೆಗೆಯುವುದಿಲ್ಲ ಅಂದೆ. ಮುಖ ಸಣ್ಣ ಮಾಡಿಕೊಂಡು "ಆಯ್ತು" ಅಂದರು. ರಾತ್ರಿ ಹೋಗಲು ಹೆದರುವ ಹುಡುಗಿಯರೂ ಬರಲಿ, ಸಭೆ ಐದು ಗಂಟೆಗೆ ಇಡಿ ಅಂತಲೂ ಹೇಳಿದೆ. ಅದಕ್ಕೆ ನಕ್ಕರು.

ಅಂತಿಮ_ವರ್ಷದ_ಹುಡುಗಿ:
ಹೆದರುವುದಿಲ್ಲ. ಮನೆಯಲ್ಲಿ ಬಿಡುವುದಿಲ್ಲ. ಎರಡೂ ಬೇರೆ.

ಅಡಿಕೆ_ಸಿಪ್ಪೆ:
ಸರಿ ಅಕ್ಕಾ, ಮುಂದಿನ ಸಲ ಹಾಗೇ ಹೇಳುತ್ತೇನೆ.

ನನ್ನ ಪುಟದಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋಗಿತ್ತು, ನಾಡಕಚೇರಿಗೆ ನಾಲ್ಕು ಸಲ ಓಡಾಡಿ ಸರಿ ಮಾಡಿಸಿಕೊಟ್ಟೆ. ಲೀಡರ್ "ಇನ್ನು ಆಯಮ್ಮಂಗೆ ರೈಟ್ ಹಾಕು" ಅಂದರು. ಅಜ್ಜಿಯನ್ನೇ ಕೇಳಿದೆ. "ನಾನು ಇಂದಿರಮ್ಮನ ಕಾಲದಿಂದ ಹಾಕಿಕೊಂಡು ಬಂದಿದ್ದೇನೆ, ಈಗ ಬದಲಾಯಿಸಿದರೆ ಸತ್ತಮೇಲೆ ನಿಮ್ಮಜ್ಜ ಬಯ್ಯುತ್ತಾರೆ" ಅಂದು ಎರಡು ಕಡುಬು ಕೊಟ್ಟು ಕಳಿಸಿದರು. ಇಂಟು ಹಾಗೇ ಇಟ್ಟಿದ್ದೇನೆ.

ಕೊಪ್ಪದ_ಹಳಬ:
ಆ ಅಜ್ಜಿ ನನ್ನ ಭಾಷಣವನ್ನೂ ಕೇಳಿರಬೇಕು.

ಗೀಟು_ಹಾಕುವವ:
ಅದೆಲ್ಲ ಸರಿ, ನಿಲ್ಲುವ ವಿಷಯ ಏನಾಯಿತು?

ಅಡಿಕೆ_ಸಿಪ್ಪೆ:
ನಮ್ಮ ವಾರ್ಡಿನ ಸೀಟು ಸಾಮಾನ್ಯ ಮಹಿಳೆಗೆ ಅಂತ ಹೇಳುತ್ತಿದ್ದಾರೆ, ಇನ್ನೂ ಪಕ್ಕಾ ಇಲ್ಲ. ಹಾಗಾದರೆ ನಾನು ನಿಲ್ಲುವ ಹಾಗಿಲ್ಲ.

ಬೆಣ್ಣೆದೋಸೆ_ದಾವಣಗೆರೆ:
ಅಮ್ಮನನ್ನು ನಿಲ್ಲಿಸು!

ಅಡಿಕೆ_ಸಿಪ್ಪೆ:
ನಿನ್ನೆ ರಾತ್ರಿ ಊಟದ ಹೊತ್ತಿಗೆ ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಇದ್ದಕ್ಕಿದ್ದಂತೆ ಅಪ್ಪ "ಇವಳು ನಿಂತರೆ ನಾನೂ ಓಟು ಹಾಕುವುದಿಲ್ಲ" ಅಂತ ತಮಾಷೆ ಮಾಡಿದರು. ಅಮ್ಮ ಏನೂ ಮಾತಾಡಲಿಲ್ಲ. ಪಾತ್ರೆ ತೊಳೆದು, ದೀಪ ಆರಿಸಿ, ನನ್ನ ಕೋಣೆ ಬಾಗಿಲಿಗೆ ಬಂದು ಕೇಳಿದಳು, "ಆ ಡೆಪಾಸಿಟ್ಟು ಅಂತಾರಲ್ಲ, ಅದು ಎಷ್ಟೋ?"